ಶುಕ್ರವಾರ ನಿಲ್ಲುತ್ತಿದ್ದ ವ್ಯಾಗನ್ನು

ಕಣ್ಣು ಮುಚ್ಚಿದರೆ ಆ ಜಾಗ ಇವತ್ತಿಗೂ ಕಾಣುತ್ತದೆ. ಶೇಷಾದ್ರಿಪುರ ದಾಟಿ ಮಲ್ಲೇಶ್ವರದ ಕಡೆಗೆ ಏರುವ ರಸ್ತೆ, ಎಡಗಡೆ ಒಂದು ದೊಡ್ಡ ಮಳೆಮರ, ಅದರ ಕೆಳಗೆ ಉದುರಿದ ಹೂವಿನ ಗುಲಾಬಿ ನಾರು. ಶುಕ್ರವಾರ ಸಂಜೆ ಅಲ್ಲಿಗೆ ಬಂದ ಕೂಡಲೆ ನಮ್ಮ ಶಾಲೆಯ ವ್ಯಾಗನ್ನು ಎರಡು ಸಲ ಮುಗ್ಗರಿಸುತ್ತಿತ್ತು, ಕೆಮ್ಮುತ್ತಿತ್ತು, ಆಮೇಲೆ ನಿಂತೇಬಿಡುತ್ತಿತ್ತು. ಎಂಜಿನ್ನಿನ ಸದ್ದು ಹೋದ ಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಮರದ ತುಂಬ ಗಿಳಿಗಳಿವೆ ಅನ್ನುವುದು ಗೊತ್ತಾಗುತ್ತಿತ್ತು.

ಆಗ ನಾನು ಬಸವನಗುಡಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರೈವರಾಗಿದ್ದೆ. ಎರಡನೇ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಗಾಡಿಗಳಲ್ಲಿ ಒಂದನ್ನು ಶಾಲೆಯ ಕಮಿಟಿಯವರು ಕೊಂಡು ತಂದಿದ್ದರು. ಜೀಪಿಗಿಂತ ದೊಡ್ಡದು, ಬಸ್ಸಿಗಿಂತ ಚಿಕ್ಕದು. ಎತ್ತರದ ಚಕ್ರ, ದಪ್ಪ ಮೂತಿ, ಕೆಸರು ಕಲ್ಲು ಯಾವುದಕ್ಕೂ ಹೆದರದ ಗಾಡಿ. ಮೈ ಮಾತ್ರ ಪೂರ್ತಿ ಮರದ್ದು. ಎಲ್ಲೆಲ್ಲಿ ಯಾವ ಕಾಡು, ಯಾವ ಹೊಳೆ ದಾಟಿತ್ತೋ ಏನೋ, ಕೊನೆಗೆ ಎರಡು ಜಡೆಯ ಹುಡುಗಿಯರನ್ನು ಹೊರುವ ಕೆಲಸಕ್ಕೆ ಸಿಕ್ಕಿಬಿದ್ದಿತ್ತು. ನನ್ನ ಕೈಗೆ ಬರುವ ಹೊತ್ತಿಗಾಗಲೇ ಅದಕ್ಕೆ ಮುಪ್ಪು ಬಂದಿತ್ತು.

ಮರದ ಗಾಡಿಯ ಪಾಡು ಅದನ್ನು ಸಾಕಿದವರಿಗೇ ಗೊತ್ತು. ಮಳೆಗಾಲದಲ್ಲಿ ಬಾಗಿಲು ಊದಿಕೊಂಡು ತೆರೆಯಲು ಬಾರದು, ಬೇಸಿಗೆಯಲ್ಲಿ ಒಣಗಿಕೊಂಡು ಮುಚ್ಚಲು ಬಾರದು. ಹಲಗೆಗಳಿಗೆ ಆಗಾಗ ಅಗಸೆ ಎಣ್ಣೆ ಕುಡಿಸಬೇಕು. ಗೆದ್ದಲು ಹತ್ತದಂತೆ ನಿಲ್ಲಿಸುವ ಜಾಗ ಬದಲಾಯಿಸುತ್ತಲೇ ಇರಬೇಕು. ಇಷ್ಟೆಲ್ಲ ಬೈದುಕೊಂಡರೂ, ಚಳಿಗಾಲದ ಬೆಳಗ್ಗೆ ಲಾಲ್‌ಬಾಗಿನ ಕಡೆಯಿಂದ ಮಂಜು ಬಂದು ರಸ್ತೆಯನ್ನೆಲ್ಲ ತುಂಬಿಕೊಂಡಾಗ ಅದನ್ನು ಓಡಿಸುವ ಸುಖವೇ ಬೇರೆ. ಮುಂದೆ ನಾಲ್ಕು ಮಾರು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಹಲಗೆಗಳು ತೊಟ್ಟಿಲಿನ ಹಾಗೆ ಕಿರುಗುಟ್ಟುತ್ತಿದ್ದವು. ಹಿಂದೆ ಹುಡುಗಿಯರು ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋಗುತ್ತಿದ್ದರು. ನನಗೂ ಗಾಡಿ ನಡೆಸುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ತಿಳಿಯುತ್ತಿರಲಿಲ್ಲ.

ಹಿಂದಿನ ಸೀಟಿನ ಪಕ್ಕದ ಹಲಗೆಯ ಮೇಲೆ ಯಾರೋ ಒಂದು ಪುಟ್ಟ ದೋಣಿ ಕೆತ್ತಿದ್ದರು. ಚಾಕುವಿನ ಕೆಲಸ. ದೋಣಿಯಲ್ಲಿ ಜನರಿಲ್ಲ, ಕೆಳಗೆ ನೀರಿನ ಎರಡು ಗೆರೆ. ಎಲ್ಲಿಯ ಸಿಪಾಯಿಯೋ ಏನೋ. ಹುಡುಗಿಯರು ಅದರ ಬಗ್ಗೆ ದಿನಕ್ಕೊಂದು ಕಥೆ ಕಟ್ಟುತ್ತಿದ್ದರು.

ಮುದಿ ಗಾಡಿ ಶಾಲೆಯನ್ನು ಹೇಗೆ ತಿನ್ನುತ್ತಿತ್ತು ಎಂದರೆ, ಹಾಡಿನ ಕ್ಲಾಸಿಗೆ ಹಾರ್ಮೋನಿಯಂ ಬರಬೇಕಿತ್ತು, ಅದರ ಬದಲು ಕ್ಲಚ್ ಪ್ಲೇಟು ಬಂತು. ವಾರ್ಷಿಕೋತ್ಸವದ ನಾಟಕದಿಂದ ಕೂಡಿದ ದುಡ್ಡು ಎರಡು ಟೈರಾಯಿತು. ಹಿಂದಿನ ಗೋಡೆಗೆ ಸುಣ್ಣ ಹೊಡೆಸುವುದು ಮುಂದಕ್ಕೆ ಹೋಗಿ ಬ್ಯಾಟರಿ ಬಂತು. ನಾನು ಆಫೀಸಿನ ಬಾಗಿಲಲ್ಲಿ ತಲೆ ಹಾಕಿದರೆ ಹೆಡ್‌ಮಿಸ್ಟ್ರೆಸ್ಸು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು.

"ಈ ಸಲ ಏನು ಕೇಳುತ್ತಪ್ಪಾ ನಿಮ್ಮ ರಥ?"

"ಸ್ಪ್ರಿಂಗ್ ಪಟ್ಟಿ ಮುರಿದಿದೆ ಮೇಡಂ."

"ಭೂಗೋಳದ ಮ್ಯಾಪು ತರಿಸೋಣ ಅಂತಿದ್ದೆ. ಹೋಗಲಿ, ಮಕ್ಕಳು ನಿಮ್ಮ ಗಾಡೀಲೇ ಭೂಗೋಳ ಕಲೀಲಿ."

ಅವರು ನಗುತ್ತಲೇ ಹೇಳುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು. ಗಾಡಿಯ ಮೇಲೆ ಸಿಟ್ಟು, ಅದನ್ನು ಯಾರಾದರೂ ಆಡಿಕೊಂಡರೆ ಅವರ ಮೇಲೂ ಸಿಟ್ಟು. ನನ್ನ ಸ್ವಭಾವವೇ ಹಾಗೆ.

ಸಂಜೆ ಬಸವನಗುಡಿಯಿಂದ ಹೊರಟರೆ ಮೊದಲು ಚಾಮರಾಜಪೇಟೆ, ಆಮೇಲೆ ಪೇಟೆಯ ಗಲ್ಲಿಗಳು, ಶೇಷಾದ್ರಿಪುರ, ಎಲ್ಲಕ್ಕಿಂತ ಕೊನೆಗೆ ಮಲ್ಲೇಶ್ವರ. ಒಬ್ಬೊಬ್ಬರಾಗಿ ಇಳಿದು ಕೊನೆಗೆ ಉಳಿಯುತ್ತಿದ್ದವರು ಶಾಲೆಯ ಆಯಾ ಮತ್ತು ಮಲ್ಲೇಶ್ವರದ ಹುಡುಗಿ. ಆ ಹುಡುಗಿಯ ತಂದೆ ಪೇಟೆಯಲ್ಲಿ ಎಣ್ಣೆ ವ್ಯಾಪಾರಿ, ಹಣೆ ತುಂಬ ವಿಭೂತಿ ಇಡುವ ಶಿವಭಕ್ತರು. ಪೇಟೆಯ ಮನೆ ಬಿಟ್ಟು ಸಂಪಿಗೆ ರಸ್ತೆಯ ಹತ್ತಿರ ಹೊಸ ಮನೆ ಕಟ್ಟಿಸಿ ಹೋಗಿದ್ದರು. ಎಸ್.ಎಸ್.ಎಲ್.ಸಿ.ಯ ವರ್ಷ, ಶಾಲೆ ಬದಲಾಯಿಸುವುದು ಬೇಡವೆಂದು ಹುಡುಗಿ ಎರಡು ದಿನ ಊಟ ಬಿಟ್ಟು ಕೂತಿದ್ದಳಂತೆ. ವ್ಯಾಗನ್ನು ಮನೆ ಬಾಗಿಲಿಗೆ ಬರುತ್ತದೆ ಎಂಬ ಒಂದೇ ಮಾತಿನ ಮೇಲೆ ತಂದೆ ಒಪ್ಪಿದ್ದರು. ದೀಪ ಹಚ್ಚುವ ಹೊತ್ತಿಗೆ ಮಗಳು ಮನೆಯೊಳಗಿರಬೇಕು ಅನ್ನುವುದು ಅವರ ಷರತ್ತು. ಪರೀಕ್ಷೆಯ ವರ್ಷವೆಂದು ಸ್ಪೆಷಲ್ ಕ್ಲಾಸು ಇರುತ್ತಿದ್ದುದರಿಂದ ನಾವು ಮಲ್ಲೇಶ್ವರ ಮುಟ್ಟುವಾಗ ದೀಪಕ್ಕೆ ಸ್ವಲ್ಪವೇ ಹೊತ್ತು ಉಳಿದಿರುತ್ತಿತ್ತು.

ಶಾಲೆಯಲ್ಲಿ ಶುಕ್ರವಾರ ಮಧ್ಯಾಹ್ನ ಸರಸ್ವತಿಯ ಪಟಕ್ಕೆ ಪೂಜೆ. ಪೂಜೆ ಮುಗಿದ ಮೇಲೆ ಉಳಿದ ಗಂಧ, ಕುಂಕುಮ, ಹೂವು ತಂದು ಆಯಾ ವ್ಯಾಗನ್ನಿಗೂ ಇಡುತ್ತಿದ್ದಳು. ಮಾವಳ್ಳಿಯ ಹೆಂಗಸು, ಬಾಯಿ ಜೋರು, ಮನಸ್ಸು ಬೆಣ್ಣೆ. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅವಳಿಗೆ ಸೊಂಟ ಹಿಡಿದುಕೊಂಡು ಬಗ್ಗಲಾಗದೆ ಕೆಲಸವನ್ನು ಮಲ್ಲೇಶ್ವರದ ಹುಡುಗಿಗೆ ಒಪ್ಪಿಸಿದ್ದಳು. ಹೊಂಗೆಯ ನೆರಳಲ್ಲಿ ನಿಂತ ಗಾಡಿಯ ಸುತ್ತ ಹುಡುಗಿ ಬಟ್ಟಲು ಹಿಡಿದು ಬರುತ್ತಿದ್ದಳು. ಬಾನೆಟ್ಟಿಗೊಂದು ಬೊಟ್ಟು, ನಾಲ್ಕು ಚಕ್ರಕ್ಕೆ, ಸ್ಟೇರಿಂಗಿಗೆ, ಕೊನೆಗೆ ಹಿಂದುಗಡೆಯ ಪೆಟ್ರೋಲ್ ಮುಚ್ಚಳಕ್ಕೆ ದಪ್ಪಗೆ ಗಂಧ.

"ಮುಚ್ಚಳಕ್ಕೆ ಯಾಕೆ ಅಷ್ಟೊಂದು?" ಎಂದು ಒಂದು ಸಲ ಕೇಳಿದ್ದೆ.

"ಅದು ಉಣ್ಣೋ ಬಾಯಿ ಅಲ್ವೇನಪ್ಪಾ," ಎಂದಳು ಆಯಾ. "ಬಾಯಿಗೆ ಹಚ್ಚದೆ ಬಾಲಕ್ಕೆ ಹಚ್ತಾರಾ?"

"ಇದರ ಬಾಯಿ ಬಾಲದ ಹತ್ರಾನೇ ಇರೋದು ಕಣಮ್ಮ."

ಹುಡುಗಿ ನಕ್ಕುಬಿಟ್ಟಳು. ನಾನೂ ಕೈಮುಗಿದು ಗಾಡಿ ಹತ್ತಿದೆ.

ಸಂಕ್ರಾಂತಿ ಕಳೆದ ಮೇಲೆ ಈ ನಿಲ್ಲುವ ರೋಗ ಶುರುವಾಯಿತು. ಮೊದಲ ಶುಕ್ರವಾರ ಮಳೆಮರದ ಕೆಳಗೆ ನಿಂತಾಗ ಬಾನೆಟ್ಟು ಎತ್ತಿ ನೋಡಿದೆ. ಕಾರ್ಬುರೇಟರಿಗೆ ಪೆಟ್ರೋಲು ಬರುತ್ತಿರಲಿಲ್ಲ. ಜೆಟ್ಟು ಬಿಚ್ಚಿ ಊದಿದೆ, ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪಿನ ಲಿವರನ್ನು ಕೈಯಲ್ಲಿ ಆಡಿಸಿದೆ, ಬರಲಿಲ್ಲ. ಸುಮ್ಮನೆ ಕೂತೆ. ಸ್ವಲ್ಪ ಹೊತ್ತು ಕಳೆದ ಮೇಲೆ ಸ್ಟಾರ್ಟರ್ ಒತ್ತಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹತ್ತಿಕೊಂಡಿತು.

ಆ ಮೊದಲ ಒಂದೆರಡು ಸಂಜೆ ನನಗೆ ಹಿಡಿಸಿಬಿಟ್ಟಿದ್ದವು ಅಂದರೆ ನೀವು ನಗಬಹುದು. ಆಯಾ ಸೀಟಿನ ಮೇಲೆ ಕಾಲು ಚಾಚಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಹುಡುಗಿ ಪುಸ್ತಕ ಮುಚ್ಚಿ, ದೋಣಿಯ ಮೇಲೆ ಬೆರಳಾಡಿಸುತ್ತ, ಗಿಳಿಗಳ ಕಡೆ ನೋಡುತ್ತ ಕೂರುತ್ತಿದ್ದಳು. ಕುಮಾರ ಪಾರ್ಕಿನ ಕಡೆಯಿಂದ ಯಾರದೋ ಮನೆಯ ವೀಣೆ ಕೇಳುತ್ತಿತ್ತು. ಬಿಸಿಲು ಹಳದಿಯಾಗಿ ಹಲಗೆಗಳ ಸಂದಿನಿಂದ ಒಳಗೆ ಬೀಳುತ್ತಿತ್ತು.

"ಅಣ್ಣ, ಈ ದೋಣಿ ಕೆತ್ತಿದೋನು ಮನೆಗೆ ಹೋದ್ನಾ?" ಎಂದು ಒಂದು ದಿನ ಕೇಳಿದಳು.

"ಹೋಗಿರ್ತಾನಮ್ಮ. ಇಲ್ಲದಿದ್ರೆ ಗಾಡಿ ಇಲ್ಲಿಗೆ ಹೇಗೆ ಬರ್ತಿತ್ತು?"

ಆ ಉತ್ತರಕ್ಕೆ ತಲೆಬುಡವಿಲ್ಲ. ಆದರೂ ಅವಳಿಗೆ ಸಾಕಾಯಿತು.

ಶನಿವಾರ ಗಾಡಿಯನ್ನು ಕಲಾಸಿಪಾಳ್ಯಕ್ಕೆ ಒಯ್ದೆ. ಅಲ್ಲಿ ಮೇಸ್ತ್ರಿ ಸಾಬರು ಒಬ್ಬರಿದ್ದರು, ಮಿಲಿಟರಿ ವರ್ಕ್‌ಶಾಪಿನಲ್ಲಿ ಕೈ ಪಳಗಿಸಿದವರು. ಅವರು ಪಂಪು ಬಿಚ್ಚಿ ಒಳಗಿನ ಪರದೆ ಬದಲಾಯಿಸಿದರು. ಮುಂದಿನ ಶುಕ್ರವಾರ ಮತ್ತೆ ನಿಂತಿತು. ಪೈಪುಗಳನ್ನೆಲ್ಲ ಊದಿ ತೊಳೆದರು. ಮತ್ತೆ ನಿಂತಿತು. ಎಂಜಿನ್ನಿನ ಕಾವಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗುತ್ತಿದೆ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಎಂದರು. ನನ್ನ ಹಳೆಯ ಪಂಚೆ ಹರಿದು ಸುತ್ತಿದೆ. ಪಂಚೆ ಹಾಳಾಯಿತು, ಗಾಡಿ ನಿಂತಿತು. ಆಮೇಲೆ ಕಿಡಿ ಹೊತ್ತಿಸುವ ಕಾಯಿಲು, ಪ್ಲಗ್ಗು, ಕೊನೆಗೆ ಪಂಪೇ ಹೊಸದು. ಹೆಡ್‌ಮಿಸ್ಟ್ರೆಸ್ಸಿನ ಮ್ಯಾಪು, ಗ್ಲೋಬು, ಎರಡು ಬೆಂಚು ಎಲ್ಲ ಆ ಬಾನೆಟ್ಟಿನೊಳಗೆ ಹೋದವು.

"ನನ್ನ ಕಣ್ಣಮುಂದೆ ಒಂದ್ಸಲ ನಿಲ್ಲಲಿ, ಹಿಡ್ಕೊಡ್ತೀನಿ," ಎನ್ನುತ್ತಿದ್ದರು ಸಾಬರು. ಶನಿವಾರ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಲ್ಲೇಶ್ವರದ ತನಕ ಹೋಗಿ ಬಂದರೆ ಅದು ಮದುವೆ ಗಂಡಿನ ಹಾಗೆ ಗಂಭೀರವಾಗಿ ಓಡುತ್ತಿತ್ತು. ಶುಕ್ರವಾರ ಬನ್ನಿ ಎಂದರೆ ಅವರಿಗೆ ಮಸೀದಿ, ಶೆಡ್ಡಿಗೆ ರಜೆ. ನಾನೋ, ದಿನಾ ಬೆಳಗ್ಗೆ ಗಾಡಿಯನ್ನು ಮೂತಿಯಿಂದ ಬಾಲದವರೆಗೆ ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸಿ, ಫಳಫಳ ಮಾಡಿಕೊಂಡೇ ಅವರ ಹತ್ತಿರ ಹೋಗುತ್ತಿದ್ದೆ. ಅದು ನನ್ನ ಹೆಮ್ಮೆ.

ಒಂದು ಶುಕ್ರವಾರ ಮನೆ ಮುಟ್ಟುವಾಗ ಬೀದಿದೀಪ ಹತ್ತಿತ್ತು. ಹುಡುಗಿಯ ತಂದೆ ಗೇಟಿನಲ್ಲಿ ನಿಂತಿದ್ದರು. ಮಗಳು ತಲೆ ತಗ್ಗಿಸಿ ಒಳಗೆ ಹೋದಳು. ಅವರು ಗಾಡಿಯ ಹತ್ತಿರ ಬಂದರು, ದನಿ ಏರಿಸಲಿಲ್ಲ.

"ನೋಡಪ್ಪಾ, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಬೆಳೆದ ಹೆಣ್ಮಗಳು ಹೊತ್ತು ಮುಳುಗಿದ್ಮೇಲೆ ರಸ್ತೇಲಿ ನಿಂತಿರ್ತಾಳೆ ಅಂದ್ರೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಇನ್ನೊಂದ್ಸಲ ಹಿಂಗಾದ್ರೆ ಸ್ಕೂಲು ಬಿಡಿಸ್ಬಿಡ್ತೀನಿ. ಪರೀಕ್ಷೆ ಕಟ್ಟದಿದ್ರೆ ಏನೂ ಮುಳುಗಲ್ಲ. ತುಮಕೂರಿನ ಕಡೆಯಿಂದ ಒಂದು ಸಂಬಂಧಾನೂ ಬಂದಿದೆ."

"ಪರೀಕ್ಷೆ ಹತ್ರ ಇದೆ ಸ್ವಾಮಿ," ಎಂದೆ.

"ಅದನ್ನ ನಿನ್ನ ಗಾಡಿಗೆ ಹೇಳು."

ಅವತ್ತು ಮಲ್ಲೇಶ್ವರದಿಂದ ಖಾಲಿ ಗಾಡಿಯಲ್ಲಿ ಹಿಂದಿರುಗುವಾಗ ಅಳು ಬಂತು. ಹುಡುಗಿ ಕ್ಲಾಸಿಗೆ ಮೊದಲು. ಪೇಟೆಯ ಓಣಿಯಲ್ಲಿ ಕೆಸರೆರಚುತ್ತ ಹೋಗುವಾಗಲೂ ಅವಳ ತೊಡೆಯ ಮೇಲೆ ಪುಸ್ತಕ ತೆರೆದೇ ಇರುತ್ತಿತ್ತು. ಒಂದು ಮುರುಕು ಗಾಡಿಯ ದೆಸೆಯಿಂದ ಅದು ಮುಚ್ಚಿಹೋಗುವುದನ್ನು ನಾನು ಹೇಗೆ ಸಹಿಸಲಿ?

ವಿಷಯ ಆಯಾಳಿಗೆ ಗೊತ್ತಾಯಿತು. "ಗಾಡಿಗೆ ದೃಷ್ಟಿ ತಾಕಿದೆ," ಎಂದು ತೀರ್ಮಾನ ಕೊಟ್ಟಳು. ಮಂಗಳವಾರವೂ ಪೂಜೆ ಶುರುವಾಯಿತು. ಹುಡುಗಿ ತಾನೇ ಕಲ್ಲಿನ ಮೇಲೆ ಗಂಧ ತೇಯ್ದು, ಕಣ್ಣುಮುಚ್ಚಿ ಏನನ್ನೋ ಬೇಡಿಕೊಂಡು, ಮೊದಲಿಗಿಂತ ದಪ್ಪಗೆ ಹಚ್ಚಿದಳು. ಆ ಮಂಗಳವಾರ ಸಂಜೆ ವ್ಯಾಗನ್ನು ಮಳೆಮರದ ತನಕವೂ ಬರಲಿಲ್ಲ, ಶೇಷಾದ್ರಿಪುರದಲ್ಲೇ ನಿಂತಿತು. ನಾನು ಬೇಗ ಹೊರಟಿದ್ದರಿಂದ ಹೇಗೋ ಹೊತ್ತಿಗೆ ಮನೆ ಮುಟ್ಟಿಸಿದೆ. ರೋಗ ಹೆಚ್ಚಾಯಿತೆಂದುಕೊಂಡೆ. ಹೆಡ್‌ಮಿಸ್ಟ್ರೆಸ್ಸು ಈ ಸಲ ನಗಲಿಲ್ಲ. ಬೇಸಿಗೆ ರಜಕ್ಕೆ ಗಾಡಿ ಮಾರಿಬಿಡುವ ಮಾತು ಕಮಿಟಿಯಲ್ಲಿ ಬಂದಿದೆ ಎಂದರು.

ಅದರ ಮುಂದಿನ ಶುಕ್ರವಾರ ಸ್ಪೆಷಲ್ ಕ್ಲಾಸು ಬಿಡುವುದೇ ತಡವಾಯಿತು. ಚಾಮರಾಜಪೇಟೆಯಲ್ಲಿ ಇಳಿಯುವವರನ್ನು ಇಳಿಸಿ, ಪೇಟೆಯ ಜಟಕಾಗಳ ನಡುವೆ ಹಾರನ್ನು ಹೊಡೆದು ಹೊಡೆದು ಶೇಷಾದ್ರಿಪುರ ದಾಟಿದೆ. ಏರು ಕಾಣಿಸಿತು. ಮಳೆಮರ ಕಾಣಿಸಿತು. ಇನ್ನೊಂದು ಸ್ವಲ್ಪ ನಡಿಯೋ ಮಾರಾಯ ಎಂದು ಗೊಣಗುತ್ತಿದ್ದೆ. ಮುಗ್ಗರಿಸಿತು, ಕೆಮ್ಮಿತು, ನಿಂತಿತು. ಗಿಳಿಗಳ ಸದ್ದು ಕೇಳಿಸಿತು.

ಅಭ್ಯಾಸಬಲದಿಂದ ಬಾನೆಟ್ಟಿನ ಹತ್ತಿರ ಹೋಗಿ ಕೈ ಇಟ್ಟವನು ಹಾಗೇ ನಿಂತೆ. ಮುಂದೆ ಬದಲಾಯಿಸುವುದಕ್ಕೆ ಇನ್ನೇನು ಉಳಿದಿದೆ? ಹೊಸ ಪಂಪು, ಹೊಸ ಕಾಯಿಲು, ಹೊಸ ಪ್ಲಗ್ಗು. ಇಷ್ಟು ದಿನ ನಾನು ಮುಂದೆಯೇ ನೋಡಿದ್ದೆ. ಹಿಂದೆ ಇರುವುದು ಟ್ಯಾಂಕು ಒಂದೇ. ಬೆಳಗ್ಗೆ ತುಂಬಿಸಿದ ಪೆಟ್ರೋಲು ಎಲ್ಲಾದರೂ ಸೋರುತ್ತಿದೆಯೋ, ಕಡ್ಡಿ ಇಳಿಬಿಟ್ಟು ನೋಡಿಯೇಬಿಡೋಣ ಎಂದು ಅವತ್ತು ಬಾನೆಟ್ಟು ತೆಗೆಯದೆ ಹಿಂದಕ್ಕೆ ನಡೆದೆ.

ಮುಚ್ಚಳ ಬಿಗಿದುಕೊಂಡಿತ್ತು. ಎರಡೂ ಕೈಯಿಂದ ತಿರುಗಿಸಿದೆ. ಸಡಿಲವಾದ ಕೂಡಲೆ ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಬಹಳ ಹೊತ್ತು ನೀರಿನಲ್ಲಿ ಮುಳುಗಿದ್ದವರು ಮೇಲೆ ಬಂದು ಉಸಿರೆಳೆದ ಹಾಗೆ, ಉದ್ದಕ್ಕೆ.

ಮುಚ್ಚಳವನ್ನು ಬೆಳಕಿಗೆ ಹಿಡಿದೆ. ಅದರ ನಡುವೆ ಸೂಜಿಮೊನೆಯಷ್ಟು ಒಂದು ತೂತಿರುತ್ತದೆ. ಪೆಟ್ರೋಲು ಖರ್ಚಾದ ಹಾಗೆ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ ಪಂಪು ಎಷ್ಟು ಎಳೆದರೂ ಪೆಟ್ರೋಲು ಬರುವುದಿಲ್ಲ. ಆ ತೂತು ಕಾಣಿಸಲೇ ಇಲ್ಲ. ಅದರ ಮೇಲೆ ಮಧ್ಯಾಹ್ನದ ಗಂಧ ಬಿಸಿಲಿಗೆ ಒಣಗಿ ಗಾರೆಯ ಹಾಗೆ ಕೂತಿತ್ತು, ನಡುವೆ ಕುಂಕುಮದ ಬೊಟ್ಟು.

ಶುಕ್ರವಾರ, ಆಮೇಲೆ ಮಂಗಳವಾರ. ಬೆಳಗಾದರೆ ನಾನೇ ಕೈಯಾರೆ ಒರೆಸಿ ಗುರುತಿಲ್ಲದಂತೆ ಮಾಡಿ, ಸಾಬರ ಹತ್ತಿರ ಒಯ್ಯುತ್ತಿದ್ದೆ. ನಗು ಬಂತು, ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

"ಒಂದು ಹೇರ್‌ಪಿನ್ನು ಕೊಡಮ್ಮ," ಎಂದೆ.

ಹುಡುಗಿ ಜಡೆಯಿಂದ ತೆಗೆದು ಕೊಡುತ್ತ ಕೆಳಗಿಳಿದಳು. ನಾನು ತೂತು ಬಿಡಿಸುವುದನ್ನು ನೋಡಿದಳು. ಅವಳಿಗೆ ಏನನ್ನೂ ವಿವರಿಸಬೇಕಾಗಲಿಲ್ಲ. ಮುಖ ಬಿಳುಚಿಕೊಂಡಿತು.

"ಹಾಗಾದ್ರೆ ಇಷ್ಟು ದಿನ ನಿಲ್ಲಿಸ್ತಿದ್ದೋಳು ನಾನೇನಾ ಅಣ್ಣ?"

ಇಲ್ಲ ಎಂದರೆ ಸುಳ್ಳು. "ಗಾಡಿ ಓಡಲಿ ಅಂತ ತಾನೇ ನೀನು ಹಚ್ಚಿದ್ದು," ಎಂದೆ.

"ನಿನ್ನೆ ಕ್ಲಾಸಲ್ಲಿ ಗಾಳಿ ಒತ್ತಡದ ಪಾಠ ಒಪ್ಪಿಸ್ದೆ. ಪೂರ್ತಿ," ಎಂದಳು. ಕಣ್ಣು ತುಂಬಿಕೊಂಡಿತ್ತು.

ಆಯಾ ಒಳಗಿನಿಂದ, "ಬಾಯಿ ಅಂದಿದ್ದು ನಾನು, ನನ್ನನ್ನ ಬೈರಿ," ಎಂದಳು. ಬೈಯುವುದಕ್ಕೆ ಹೊತ್ತಿರಲಿಲ್ಲ. ಸ್ಟಾರ್ಟರ್ ಒತ್ತಿ ಪಂಪು ಎಳೆದುಕೊಳ್ಳುವ ತನಕ ಕಾದು ಹೊರಟೆ. ಏರು ಹತ್ತಿ ಸಂಪಿಗೆ ರಸ್ತೆಗೆ ಬರುವಷ್ಟರಲ್ಲಿ ಒಂದೊಂದೇ ಅಂಗಡಿಯಲ್ಲಿ ದೀಪ ಹತ್ತುತ್ತಿತ್ತು.

ಮನೆಯ ಮುಂದಿನ ಗೂಡಿನಲ್ಲೂ ಹಣತೆ ಉರಿಯುತ್ತಿತ್ತು. ತಂದೆ ಗೇಟಿನಲ್ಲಿದ್ದರು.

"ಇನ್ಮೇಲೆ ಬರೋದು ಬೇಡಪ್ಪ," ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಅವರ ಮುಂದೆ ಹೋಗಿ ನಿಂತಳು. ಅವರ ಎದುರು ಅವಳು ತಲೆ ಎತ್ತಿದ್ದನ್ನು ನಾನು ನೋಡಿರಲಿಲ್ಲ.

"ಅಪ್ಪಾಜಿ, ಅಂಗಡೀಲಿ ಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಹೊಡೀತೀರಿ?"

ಅವರು ಹುಬ್ಬು ಗಂಟಿಕ್ಕಿದರು. "ಈಗ್ಯಾಕೆ ಅದು?"

"ಹೇಳಿ ಅಪ್ಪಾಜಿ."

"ಒಂದು ಎಣ್ಣೆ ಬರೋಕೆ, ಒಂದು ಗಾಳಿ ಹೋಗೋಕೆ. ಗಾಳಿ ಹೋಗದಿದ್ರೆ ಎಣ್ಣೆ ಎಲ್ಲಿ ಬರುತ್ತೆ?"

"ನಾನು ಗಾಡಿಯ ಗಾಳಿ ತೂತಿಗೆ ಗಂಧ ಹಚ್ತಿದ್ದೆ. ಹೊತ್ತಿಗೆ ಸರಿಯಾಗಿ ಮನೆ ಮುಟ್ಟಿಸಪ್ಪಾ ಅಂತ ಬೇಡ್ಕೊಂಡು ಹಚ್ತಿದ್ದೆ." ಅಷ್ಟು ಹೇಳಿ ಅವಳು ಅಳತೊಡಗಿದಳು.

ಅವರು ಮಗಳನ್ನೇ ನೋಡಿದರು. ಆಮೇಲೆ ಗೂಡಿನ ಹಣತೆಯನ್ನು ಅಂಗೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈ ಮರೆ ಹಿಡಿದು ನಮ್ಮ ಕಡೆ ಬಂದರು. "ಪೆಟ್ರೋಲು ಸ್ವಾಮಿ, ದೀಪ ದೂರ ಇರಲಿ," ಎಂದು ನಾನು ಓಡಿಹೋಗಿ ಮುಚ್ಚಳವನ್ನೇ ಬಿಚ್ಚಿ ತಂದುಕೊಟ್ಟೆ. ಅವರು ಅದನ್ನು ದೀಪದ ಹತ್ತಿರ ತಿರುಗಿಸಿ ತಿರುಗಿಸಿ ನೋಡಿದರು. ಹೆಗಲ ಮೇಲಿನ ವಲ್ಲಿಯ ತುದಿಯಿಂದ ಉಳಿದ ಗಂಧವನ್ನು ನಿಧಾನವಾಗಿ ಒರೆಸಿದರು. ತೂತಿಗೆ ಬಾಯಿಟ್ಟು ಊದಿದರು.

"ಎಣ್ಣೆ ವ್ಯಾಪಾರಿ ಮಗಳು," ಎಂದರು, ಯಾರಿಗೆ ಎಂದಿಲ್ಲದೆ. ಮುಚ್ಚಳ ನನ್ನ ಕೈಗಿಟ್ಟರು. "ಗಂಧ ಗಾಳಿ ಆಡದ ಕಡೆ ಹಚ್ಚು ತಾಯಿ. ಸೋಮವಾರ ಎಷ್ಟು ಹೊತ್ತಿಗೆ ಬರ್ತೀಯಪ್ಪ?"

"ದಿನಾ ಬರೋ ಹೊತ್ತಿಗೇ ಸ್ವಾಮಿ," ಎಂದೆ.

ಸಾಬರಿಗೆ ಹೇಳಿದಾಗ ಅವರು ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹೆಡ್‌ಮಿಸ್ಟ್ರೆಸ್ಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನನ್ನ ಗ್ಲೋಬು," ಎಂದಷ್ಟೇ ಅಂದರು.

ಮುಂದಿನ ಶುಕ್ರವಾರ ಹುಡುಗಿ ಬಟ್ಟಲು ಹಿಡಿದು ಹೊಂಗೆಯ ಕೆಳಗೆ ಬಂದಳು. ಬಾನೆಟ್ಟಿಗೆ ಹಚ್ಚಿದಳು, ಚಕ್ರಕ್ಕೆ ಹಚ್ಚಿದಳು. ಮುಚ್ಚಳದ ಹತ್ತಿರ ನಿಂತು ಅದಕ್ಕೆ ಬರೀ ಕೈಮುಗಿದಳು. ಬಟ್ಟಲಲ್ಲಿ ಉಳಿದ ಗಂಧವನ್ನು ಒಳಗೆ ಒಯ್ದು ಹಲಗೆಯ ಮೇಲಿನ ದೋಣಿಗೆ ಒಂದು ಬೊಟ್ಟು ಇಟ್ಟಳು.

ಸಂಜೆ ಶೇಷಾದ್ರಿಪುರ ದಾಟಿದೆವು. ಆಯಾ ತೂಕಡಿಸುತ್ತಿದ್ದಳು. ನಾನು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಎಂಜಿನ್ನಿನ ಸದ್ದನ್ನೇ ಕೇಳುತ್ತಿದ್ದೆ. ಏರು ಬಂತು. ಮಳೆಮರ ಹತ್ತಿರವಾಯಿತು. ಮುಗ್ಗರಿಸಲಿಲ್ಲ, ಕೆಮ್ಮಲಿಲ್ಲ, ಉದುರಿದ ಹೂವಿನ ಮೇಲೆ ಚಕ್ರ ಮೆತ್ತಗೆ ಉರುಳುತ್ತಿತ್ತು. ಆಕಾಶದಲ್ಲಿ ಬೇಕಾದಷ್ಟು ಬೆಳಕಿತ್ತು.

"ಅಣ್ಣ," ಎಂದಳು ಹಿಂದಿನಿಂದ. "ಸ್ವಲ್ಪ ನಿಲ್ಸಿ."

ಬ್ರೇಕು ಒತ್ತಿ ಮರದ ಕೆಳಗೆ ನಿಲ್ಲಿಸಿದೆ. ಎಂಜಿನ್ನು ಆರಿಸಿದೆ. ಮೊದಲು ಏನೂ ಕೇಳಿಸಲಿಲ್ಲ, ಆಮೇಲೆ ಗಿಳಿಗಳು ಕೇಳಿಸಿದವು. ಹಲಗೆಯ ಸಂದಿನ ಬಿಸಿಲು ಅವಳ ಪುಸ್ತಕದ ಮೇಲೆ ಬಿದ್ದಿತ್ತು. ಅವಳು ಅದನ್ನು ಮುಚ್ಚಿ, ಕೆನ್ನೆಯನ್ನು ದೋಣಿಯ ಹಲಗೆಗೆ ಒರಗಿಸಿ ಮರದ ಕಡೆ ನೋಡುತ್ತ ಕೂತಳು. ನಾನೂ ನೋಡಿದೆ.

"ಹೋಗೋಣ್ವಾ?" ಎಂದೆ ಕೊನೆಗೆ.

"ಹ್ಞೂಂ, ಹೋಗೋಣ."

ಸ್ಟಾರ್ಟರ್ ಒತ್ತಿದೆ. ಒಂದೇ ಒತ್ತಿಗೆ ಹತ್ತಿಕೊಂಡಿತು.